ಬೇಡವೆಂದವಳ ಧಾರೆ ಸೀರೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಎಂದರೆ ಈಗಿನವರಿಗೆ ನೆನಪಾಗುವುದು ನಿಂತ ವಾಹನಗಳ ಸಾಲು. ಆ ಹೆಸರು ಬಂದದ್ದು ಹೊಸೂರು ರಸ್ತೆಯ ಮಗ್ಗುಲಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ. 1948ರ ಕಾಯ್ದೆಯಡಿ ರಚನೆಯಾದ ಈ ಮಂಡಳಿಯದು ದೇಶದ ರೇಷ್ಮೆ ಬೇಸಾಯ ಮತ್ತು ಉದ್ಯಮವನ್ನು ಬೆಳೆಸುವ ಹೊಣೆ. ಮದುವೆಯ ಜವಳಿ ತೆಗೆಯಲು ಹೊಸೂರಿನ ಮೇಲೆ ಕಂಚಿಗೆ ಹೊರಡುವ ಕುಟುಂಬಗಳು ಇದರ ಮುಂದಿನಿಂದಲೇ ಹೋಗುತ್ತವೆ. ಅಲ್ಲಿಂದ ಕಂಚಿ ಸುಮಾರು 270 ಕಿಲೋಮೀಟರ್.

ಮಾಘ ಮಾಸದ ಲಗ್ನಗಳು ಹತ್ತಿರವಾಗುತ್ತಿದ್ದ ಒಂದು ನಸುಕಿನಲ್ಲಿ ಹಾಗೆ ಹೊರಟ ಕಾರೊಂದರಲ್ಲಿ ಸ್ಟೀರಿಂಗ್ ಹಿಡಿದವರು ಸೋದರಮಾವ. ಹಿಂದಿನ ಸೀಟಿನಲ್ಲಿ ತಾಯಿ ಮತ್ತು ದೊಡ್ಡಮ್ಮ, ನಡುವೆ ಮದುಮಗಳು. ತಾಯಿಯ ಕೈಚೀಲದಲ್ಲಿ ಒಂದು ಪಟ್ಟಿ ಇತ್ತು: ವರಪೂಜೆಗೆ ಒಂದು, ಧಾರೆಗೆ ಒಂದು, ಆರತಕ್ಷತೆಗೆ ಒಂದು, ಮನೆ ತುಂಬಿಸಿಕೊಳ್ಳುವಾಗ ಒಂದು, ಬೀಗರ ಔತಣಕ್ಕೆ ಇನ್ನೊಂದು. ಎಲ್ಲವೂ ರೇಷ್ಮೆ. ಅವರ ಮನೆತನದಲ್ಲಿ ಧಾರೆ ಸೀರೆ ಕೊಡಿಸುವುದು ಸೋದರಮಾವನ ಹಕ್ಕು. ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಮದುವೆ ಅವಳಿಗೆ ಬೇಡವಾಗಿರಲಿಲ್ಲ. ಹುಡುಗನನ್ನು ಒಪ್ಪಿದವಳು ಅವಳೇ. ಬೇಡವಾಗಿದ್ದದ್ದು ಸೀರೆ. ಒಂದು ಬೆಳಗ್ಗೆ ಉಟ್ಟು, ಮಡಚಿ ಬೀರುವಿನಲ್ಲಿಟ್ಟು, ಮತ್ತೆ ಯಾರದೋ ಮದುವೆಗೆ ಹೊರತೆಗೆಯುವ ಬಟ್ಟೆಗೆ ತಿಂಗಳುಗಟ್ಟಲೆಯ ಸಂಬಳ ಸುರಿಯಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

‘ಅಮ್ಮ, ನಿನ್ನ ಧಾರೆ ಸೀರೆನೇ ಉಡ್ತೀನಿ ಬಿಡು’ ಎಂದು ಮನೆಯಲ್ಲೇ ಹೇಳಿ ನೋಡಿದ್ದಳು.

‘ಮಡಿಕೆ ಮಡಿಕೆಗೂ ಸೀಳಿದೆ ಕಣೇ ಅದು. ಮುಹೂರ್ತದಲ್ಲಿ ಹರಿದ ಸೀರೆ ಉಡಿಸಿದ್ರೆ ನೋಡಿದೋರು ಏನಂತಾರೆ?’ ಎಂದು ತಾಯಿ ಮಾತು ಮುಗಿಸಿದ್ದರು.

ಹಣಕ್ಕಿಂತ ಹಳೆಯ ಕಾರಣವೂ ಒಂದಿತ್ತು. ಅವಳ ಅಜ್ಜಿಯ ಊರು ಶಿಡ್ಲಘಟ್ಟದ ಬಳಿ. ಬೇಸಿಗೆ ರಜೆ ಕಳೆಯುತ್ತಿದ್ದದ್ದು ರೇಷ್ಮೆ ಹುಳು ಸಾಕುವ ಮನೆಯಲ್ಲಿ. ರಾತ್ರಿ ಹೊತ್ತು ಸಾವಿರಾರು ಹುಳುಗಳು ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಹೆಂಚಿನ ಮೇಲೆ ಮಳೆ ಹನಿಯುವಂಥ ಸದ್ದು. ಹುಳು ಪೊರೆ ಕಳಚುವ ‘ಜ್ವರ’ಕ್ಕೆ ಕೂತಾಗ ಹೊರಗಿನವರು ಆ ಕೋಣೆಗೆ ಕಾಲಿಡುವಂತಿರಲಿಲ್ಲ. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಮಕ್ಕಳಿಗೂ ಪಾಲಿರುತ್ತಿತ್ತು. ಗೂಡು ಕಟ್ಟಿದ ಮೇಲೆ ಮಾರುಕಟ್ಟೆ, ಅಲ್ಲಿಂದ ನೂಲು ಬಿಚ್ಚುವ ರೀಲರ್ ಮನೆ. ಅಜ್ಜನ ಜೊತೆ ಅಲ್ಲಿಗೆ ಹೋದವಳು ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುವುದನ್ನು, ನೂಲೆಲ್ಲ ಬಿಚ್ಚಿದ ಮೇಲೆ ಕೊನೆಗೆ ಕಂದು ಬಣ್ಣದ ಸತ್ತ ಹುಳು ಉಳಿಯುವುದನ್ನು ಕಂಡಿದ್ದಳು. ಅವು ತಾನೇ ಸೊಪ್ಪು ಹಾಕಿದ ಹುಳುಗಳಿರಬಹುದು ಎಂಬ ಯೋಚನೆ ಅಂದು ಹೊಕ್ಕದ್ದು ಮತ್ತೆ ಹೋಗಲಿಲ್ಲ.

ರೇಷ್ಮೆಯ ಲೆಕ್ಕ ಹಾಗಿದೆ. ಹುಳು ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗುತ್ತದೆ, ನೂರಾರು ಮೀಟರ್ ಉದ್ದದ ಒಂದೇ ಎಳೆ ತುಂಡಾಗುತ್ತದೆ. ಎಳೆ ಇಡಿಯಾಗಿ ಬೇಕೆಂದರೆ ಹುಳು ಒಳಗೇ ಸಾಯಬೇಕು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಏಳೆಂಟು ಕಿಲೋ ಗೂಡು ಬೇಕಾಗುತ್ತದೆ.

ಕೃಷ್ಣಗಿರಿಯ ಮಾವಿನ ತೋಪುಗಳು ಹಿಂದಾಗಿ ವಾಣಿಯಂಬಾಡಿ ಬರುವಾಗ ರಸ್ತೆಗೆ ಪಾಲಾರ್ ನದಿ ಜೊತೆಯಾಗುತ್ತದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರದ ನೆಲ ದಾಟಿ, ಆಂಧ್ರದ ಮೂಲೆಯೊಂದನ್ನು ಹಾದು ತಮಿಳುನಾಡಿಗೆ ಇಳಿಯುವ ಈ ನದಿ ವರ್ಷದ ಬಹುಪಾಲು ಬರಿಯ ಮರಳು. ವಾಣಿಯಂಬಾಡಿ, ಆಂಬೂರಿನ ಸುತ್ತ ಚರ್ಮ ಹದಮಾಡುವ ಕಾರ್ಖಾನೆಗಳ ಕೊಳಚೆ ಪಾಲಾರನ್ನೂ ಬಾವಿಗಳನ್ನೂ ಕೆಡಿಸಿದಾಗ ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿನ ಮೊರೆ ಹೋದರು. ಕೆಡಿಸಿದವರೇ ನಷ್ಟ ತುಂಬಿಕೊಡಬೇಕು ಎಂಬ ತತ್ವ ಈ ದೇಶದ ಕಾನೂನಿನ ಭಾಗವೆಂದು 1996ರ ಆ ತೀರ್ಪು ಹೇಳಿತು. ಚೆಂದದ ವಸ್ತುವಿನ ನಿಜವಾದ ಬೆಲೆಯನ್ನು ಯಾರು ತೆತ್ತರು ಎಂದು ಕೇಳಲು ಕಲಿಸುವ ರಸ್ತೆ ಇದು.

ಶಿಡ್ಲಘಟ್ಟದ ನೂಲೂ ಪಾಲಾರ್ ಹರಿಯುವ ದಿಕ್ಕಿಗೇ ಸಾಗುತ್ತದೆ. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ರಾಮನಗರದ್ದು. ಕಂಚಿಯ ಮಗ್ಗಗಳು ಬಹುಮಟ್ಟಿಗೆ ಕರ್ನಾಟಕದ ರೇಷ್ಮೆಯನ್ನು, ಗುಜರಾತಿನ ಸೂರತ್‌ನ ಜರಿಯನ್ನು ನಂಬಿವೆ. ಕಂಚಿ ರೇಷ್ಮೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದದ್ದು ನೂಲಿನ ಊರಿಗಾಗಿ ಅಲ್ಲ, ನೇಯ್ಗೆಯ ಕೈಗಾಗಿ.

ಕಂಚಿಯ ಗಾಂಧಿ ರಸ್ತೆಯಲ್ಲಿ ಸೀರೆ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಕಾರು ನಿಲ್ಲುವ ಮೊದಲೇ ದಾರಿ ತೋರಿಸುವವರು ಕಿಟಕಿಗೆ ಬಂದು ಕನ್ನಡದಲ್ಲೇ ಕರೆದರು. ಅವರು ಕರೆತರುವ ಗಿರಾಕಿಯ ಮೇಲೆ ಅಂಗಡಿಯವರು ಕೊಡುವ ಕಮಿಷನ್ ಕೊನೆಗೆ ಸೀರೆಯ ಬೆಲೆಯಲ್ಲೇ ಸೇರುತ್ತದೆ ಎಂದು ಬಲ್ಲ ಸೋದರಮಾವ ಕೈಯಾಡಿಸಿ ಮುಂದೆ ಹೋದರು.

ಮೊದಲು ಹೊಕ್ಕ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂರಿಸಿ ಕಾಫಿ ಕೊಟ್ಟರು. ಆಮೇಲೆ ಸೀರೆಗಳ ಮೇಲೆ ಸೀರೆಗಳು ಬಿಚ್ಚಿಕೊಂಡವು. ‘ನೋಡಿ ಅಮ್ಮಾ, ಇದು ಮಯಿಲ್ ಕಣ್, ನವಿಲುಗಣ್ಣು. ಇದು ರುದ್ರಾಕ್ಷಿ ಅಂಚು. ಇದು ಗೋಪುರ. ಇದು ಯಾಳಿ, ಇದು ಅನ್ನಪಕ್ಷಿ.’ ಎರಡು ತಲೆಯ ಹಕ್ಕಿಯನ್ನು ಅಂಚಿನಲ್ಲಿ ಕಂಡು ದೊಡ್ಡಮ್ಮ ‘ಅಯ್ಯೋ, ನಮ್ಮ ಗಂಡಭೇರುಂಡ!’ ಎಂದು ಹಿಗ್ಗಿದರು. ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಾಗಿ ಈ ಊರಿನ ನೇಕಾರ ಮುತ್ತು ಚೆಟ್ಟಿಯಾರ್ ಹೊರತಂದ ನೀಲಿ ಇವತ್ತಿಗೂ ‘ಎಂ.ಎಸ್. ಬ್ಲೂ’ ಎಂಬ ಹೆಸರಲ್ಲೇ ಮಾರಾಟವಾಗುತ್ತದೆ, ಅದೂ ಬಂತು. ತಾಯಿಯ ಕಣ್ಣು ಮಾತ್ರ ಕುಂಕುಮಗೆಂಪಿನ ಒಂದು ದೊಡ್ಡ ಅಂಚಿನ ಸೀರೆಯ ಮೇಲೆ ನಿಂತಿತು. ಅದನ್ನು ಮದುಮಗಳ ಹೆಗಲಿಗೇರಿಸಿ ಕನ್ನಡಿಯ ಮುಂದೆ ನಿಲ್ಲಿಸಿದರು. ಒಂದು ಕಿಲೋದಷ್ಟು ಭಾರ.

ಕನ್ನಡಿಯಲ್ಲಿ ಎಲ್ಲರಿಗೂ ಕಂಡದ್ದು ಸೀರೆ. ಅವಳಿಗೆ ಮಾತ್ರ ಆ ಬಣ್ಣ, ಆ ಭಾರದ ನಡುವೆ ತನ್ನ ಮುಖ ಬೇರೆ ಯಾರದೋ ಎನಿಸಿತು. ‘ಇದನ್ನ ನೇಯ್ದವರು ಯಾರು?’ ಎಂದು ಕೇಳಿದಳು. ‘ನಮ್ಮದೇ ಮಗ್ಗ ಮೇಡಂ’ ಎಂಬ ಉತ್ತರ ಬಂತು. ಯಾವ ಬೀದಿ, ಎಷ್ಟು ದಿನದ ಕೆಲಸ ಎಂದು ಮತ್ತೆ ಕೇಳಿದಾಗ ಇನ್ನೊಂದು ಸೀರೆ ಬಿಚ್ಚಿದರು.

‘ಏನೇ, ಮನಸ್ಸಿಗೆ ಏನಾದ್ರೂ ಬೇಜಾರಾ?’ ಎಂದು ದೊಡ್ಡಮ್ಮ ಮೆಲ್ಲಗೆ ಕೇಳಿದರು. ನಮ್ಮ ಮನೆಗಳಲ್ಲಿ ಮದುಮಗಳು ಸೀರೆ ಬೇಡವೆಂದರೆ ಹಿರಿಯರ ಮನಸ್ಸು ನೇರ ಅಶುಭದ ಕಡೆಗೆ ಓಡುತ್ತದೆ: ಹುಡುಗ ಇಷ್ಟವಿಲ್ಲವೇ, ಯಾರಾದರೂ ಏನಾದರೂ ಅಂದರೇ? ಅವಳಿಗೆ ಅಂಥದ್ದೇನೂ ಇರಲಿಲ್ಲ. ‘ನೇಯೋರನ್ನ ನೋಡಿ ಬರೋಣ ದೊಡ್ಡಮ್ಮ. ಆಮೇಲೆ ಹೇಳ್ತೀನಿ’ ಎಂದಳು. ಸೋದರಮಾವ ಎದ್ದು ನಿಂತರು. ಆ ಬೆಳಗ್ಗೆ ಅವಳ ಪರವಾಗಿ ಎದ್ದವರು ಅವರೊಬ್ಬರೇ.

ಕಂಚಿಯ ನೇಕಾರರ ಕೇರಿಗಳಲ್ಲಿ ದೊಡ್ಡದು ಪಿಳ್ಳೈಯಾರ್‌ಪಾಳ್ಯಂ. ಬೀದಿಗಿಳಿದರೆ ಮನೆಯೊಳಗಿನ ಮಗ್ಗದ ಸದ್ದು ಬಾಗಿಲಿಗೇ ಬಂದು ಕರೆಯುತ್ತದೆ. ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಹಾಸಿನ ನೂಲು ಎಳೆದು ಕಟ್ಟಿ, ಅಕ್ಕಿ ಗಂಜಿ ಹಚ್ಚಿ ಒಣಗಿಸುವುದು ಇಲ್ಲಿನ ಹಳೆಯ ರೂಢಿ. ಸೋದರಮಾವ ತಮಗೆ ತಿಳಿದಷ್ಟು ತಮಿಳಿನಲ್ಲಿ ಕೇಳಿಕೊಂಡಾಗ ಒಂದು ಮನೆಯವರು ಒಳಗೆ ಕರೆದರು.

ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕೂತಿದ್ದ ನೇಕಾರನಿಗೆ ಐವತ್ತು ದಾಟಿತ್ತು. ಪಕ್ಕದಲ್ಲಿ ಹೆಂಡತಿ. ಮಗ್ಗದ ಮೇಲಿನ ಸೀರೆಯ ಒಡಲು ಹಳದಿ, ಅಂಚು ಹಸಿರು. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು, ಒಟ್ಟು ಮೂರು. ಗಂಡ ಒಡಲಿನ ಲಾಳಿ ಎಸೆದರೆ ಒಂದು ಬದಿಯ ಅಂಚಿನ ಲಾಳಿಯನ್ನು ಹೆಂಡತಿ ದಾಟಿಸುತ್ತಿದ್ದಳು. ಹೊಕ್ಕಿನ ಒಂದೊಂದು ಎಳೆಯಲ್ಲೂ ಒಡಲಿನ ಬಣ್ಣ ಅಂಚಿನ ಬಣ್ಣದೊಡನೆ ಕೊಂಡಿ ಹಾಕಿಕೊಳ್ಳುತ್ತದೆ. ಇದೇ ‘ಕೋರ್ವೈ’. ಸೀರೆ ಹರಿದರೂ ಅಂಚು ಬಿಡುವುದಿಲ್ಲ ಎಂಬ ಮಾತು ಹುಟ್ಟಿದ್ದು ಈ ಕೊಂಡಿಯಿಂದ. ಸೆರಗಿನ ಬಣ್ಣ ಬೇರೆಯಾದರೆ ಇನ್ನೊಂದು ಕೆಲಸವಿದೆ: ಹಾಸಿನ ಸಾವಿರಾರು ಎಳೆಗಳಿಗೆ ಹೊಸ ಬಣ್ಣದ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸೆದು ಕೂಡಿಸುವುದು. ಅದಕ್ಕೆ ‘ಪೇಟ್ನಿ’ ಎನ್ನುತ್ತಾರೆ. ಇಂಥ ಸೀರೆಯೊಂದು ಮಗ್ಗದಿಂದ ಇಳಿಯಲು ಎರಡು ಮೂರು ವಾರವಾದರೂ ಬೇಕು.

ಮದುಮಗಳು ಗೋಡೆಗೊರಗಿ ಬಹಳ ಹೊತ್ತು ನಿಂತಳು. ಅಂಗಡಿಯಲ್ಲಿ ಭಾರ ಎನಿಸಿದ್ದು ಇಲ್ಲಿ ಇಬ್ಬರ ಬೆನ್ನು ಮತ್ತು ಕಣ್ಣಾಗಿ ಕಾಣುತ್ತಿತ್ತು.

‘ಮಕ್ಕಳು?’ ಎಂದು ತಾಯಿ ಕೇಳಿದರು. ಮಗ ಒರಗಡಂ ಕಡೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ಮಗಳು ಓದುತ್ತಿದ್ದಾಳೆ, ಮಗ್ಗಕ್ಕೆ ಇಬ್ಬರೂ ಬರುವುದಿಲ್ಲ ಎಂದು ಆ ಹೆಂಗಸು ಹೇಳಿದಳು. ತಾನು ಚಿಕ್ಕವಳಿದ್ದಾಗ ಈ ಲಾಳಿ ದಾಟಿಸುತ್ತಿದ್ದದ್ದು ಮನೆಯ ಮಕ್ಕಳೇ ಎಂದೂ ಸೇರಿಸಿದಳು.

ಆ ಒಂದು ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ. ಮೂರು ಲಾಳಿಯ ನೇಯ್ಗೆಗೆ ಸಹಾಯಕನೊಬ್ಬ ಬೇಕೇ ಬೇಕು, ಅಗ್ಗದ ಸಹಾಯಕರೆಂದರೆ ಮಕ್ಕಳು. ಹೆತ್ತವರು ಪಡೆದ ಮುಂಗಡಕ್ಕೆ ಮಕ್ಕಳು ವರ್ಷಗಟ್ಟಲೆ ದುಡಿದು ತೀರಿಸುವ ಜೀತ ಕಂಚಿಯಲ್ಲಿ ಸಾಮಾನ್ಯವಾಗಿತ್ತು. 1976ರಲ್ಲೇ ಜೀತ ರದ್ದತಿ ಕಾಯ್ದೆ ಬಂದಿದ್ದರೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ಜನವರಿಯಲ್ಲಿ ‘ಸ್ಮಾಲ್ ಚೇಂಜ್’ ಎಂಬ ವರದಿಯಲ್ಲಿ ದೇಶದ ರೇಷ್ಮೆ ಉದ್ಯಮದ ಬಾಲಜೀತವನ್ನು ಬಿಡಿಸಿಟ್ಟಿತು. ಅದರಲ್ಲಿ ಕಂಚಿಯ ಮಗ್ಗಗಳಷ್ಟೇ ಅಲ್ಲ, ವಾರಾಣಸಿಯ ಮಗ್ಗಗಳೂ ಕರ್ನಾಟಕದ ನೂಲು ಬಿಚ್ಚುವ ಘಟಕಗಳೂ ಇದ್ದವು. ಬಿಸಿ ನೀರಿನಲ್ಲಿ ಗೂಡು ತಡಕಾಡಿ ಕೈ ಸುಟ್ಟುಕೊಳ್ಳುತ್ತಿದ್ದವರು ನಮ್ಮ ಜಿಲ್ಲೆಗಳ ಮಕ್ಕಳು. ಆಮೇಲೆ ಶಾಲೆ ಕಡ್ಡಾಯವಾಯಿತು, ದಾಳಿಗಳಾದವು, ಮಗ್ಗದ ಪಕ್ಕದ ಆ ಜಾಗಕ್ಕೆ ಹೆಚ್ಚಾಗಿ ಹೆಂಡತಿಯರು ಬಂದು ಕೂತರು. ಆದರೂ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, ಶಾಲೆಯ ಹೊತ್ತು ಬಿಟ್ಟು ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದೆಂಬ ಬಾಗಿಲೊಂದನ್ನು ತೆರೆದೇ ಇಟ್ಟಿದೆ. ಮಗ್ಗ ಇರುವುದು ಮನೆಯಲ್ಲೇ ಆದ್ದರಿಂದ ಈ ಬಾಗಿಲಿನ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ.

ನೇಯುವವರ ಮನೆಯ ಮದುವೆಗೆ ರೇಷ್ಮೆ ಎಟುಕುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಪ್ರಿಯದರ್ಶನ್ ನಿರ್ದೇಶನದ ತಮಿಳು ಚಿತ್ರ ‘ಕಾಂಚೀವರಂ’ ಇದನ್ನೇ ಕೇಳುತ್ತದೆ. ಮಗಳಿಗೆ ರೇಷ್ಮೆ ಸೀರೆ ಉಡಿಸಿ ಧಾರೆ ಎರೆಯುತ್ತೇನೆಂದು ಮಾತು ಕೊಟ್ಟ ನೇಕಾರ, ಧಣಿಯ ಮಗ್ಗದಿಂದ ಎಳೆ ಎಳೆಯಾಗಿ ರೇಷ್ಮೆ ಕದಿಯುತ್ತಾನೆ. ಆ ಪಾತ್ರಕ್ಕಾಗಿ ನಮ್ಮ ಪ್ರಕಾಶ್ ರೈ 2007ನೇ ಸಾಲಿನ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ಪಡೆದರು. ಶ್ರೇಷ್ಠ ಚಿತ್ರ ಪ್ರಶಸ್ತಿಯೂ ಅದಕ್ಕೇ ಬಂತು. ಹೊರಡುವಾಗ ಮದುಮಗಳು ಆ ಮನೆಯ ಹೆಂಗಸನ್ನು ‘ನಿಮ್ಮ ಮದುವೆಗೆ ಯಾವ ಸೀರೆ ಅಕ್ಕ?’ ಎಂದು ಕೇಳಿದಳು. ಸೋದರಮಾವ ತಮಿಳಿಗೆ ತಿರುಗಿಸಿದರು. ಹತ್ತಿಯದೇ ಎಂದು ಆಕೆ ಸಹಜವಾಗಿ ಹೇಳಿ, ನಿಂತಿದ್ದ ಲಾಳಿಯನ್ನು ಮತ್ತೆ ಎತ್ತಿಕೊಂಡಳು.

ರೇಷ್ಮೆ ಬೇಡವೆಂದು ಹೇಳಿದ ದೊಡ್ಡ ದನಿಯೂ ಇದೇ ಊರಿನದು. ಕಂಚಿ ಮಠದ ಪರಮಾಚಾರ್ಯ ಚಂದ್ರಶೇಖರೇಂದ್ರ ಸರಸ್ವತಿ ಸ್ವಾಮಿಗಳು 1894ರಲ್ಲಿ ವಿಳುಪ್ಪುರಂನ ಕನ್ನಡ ಸ್ಮಾರ್ತ ಕುಟುಂಬದಲ್ಲಿ ಹುಟ್ಟಿದವರು. ವರದಕ್ಷಿಣೆಯನ್ನು ವಿರೋಧಿಸಿದಷ್ಟೇ ಗಟ್ಟಿಯಾಗಿ ಅವರು ಮದುವೆಯ ರೇಷ್ಮೆಯನ್ನೂ ವಿರೋಧಿಸಿದರು. ಹುಳುಗಳನ್ನು ಕೊಂದು ಮಾಡಿದ ಬಟ್ಟೆ ಮಂಗಳಕಾರ್ಯಕ್ಕೆ ಏಕೆ, ಬಡವರಿಗೆ ಮದುವೆಯ ಖರ್ಚು ಹೆಚ್ಚಿಸುವುದೇಕೆ ಎಂಬುದು ಅವರ ವಾದ. ರೇಷ್ಮೆ ಬೇಡವೆನ್ನುವುದು ಈಗಿನ ಹುಡುಗಿಯರ ಹಟ ಎಂದುಕೊಂಡಿದ್ದ ದೊಡ್ಡಮ್ಮನಿಗೆ ಈ ಸಂಗತಿ ಹೊಸದು. ಮಠದ ಮುಂದಿನಿಂದ ಕಾರು ಹೋಗುವಾಗ ಅವರು ಕಿಟಕಿಯಿಂದಲೇ ಕೈಮುಗಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಹುಳು ಸಾಯದ ರೇಷ್ಮೆಯೂ ಇದೆ. ರಾಷ್ಟ್ರಪತಿಯಾಗಿದ್ದ ಆರ್. ವೆಂಕಟರಾಮನ್ ಅವರ ಪತ್ನಿ ಜಾನಕಿ ಅಂಥ ಸೀರೆ ಸಿಗುತ್ತದೆಯೇ ಎಂದು ಕೇಳಿದ್ದು, ಹೈದರಾಬಾದಿನ ಕೈಮಗ್ಗ ಅಧಿಕಾರಿ ಕುಸುಮ ರಾಜಯ್ಯ ಅವರನ್ನು ಅಹಿಂಸಾ ರೇಷ್ಮೆಯ ದಾರಿಗೆ ಹಚ್ಚಿತು. ಚಿಟ್ಟೆ ಹಾರಿಹೋದ ತೂತು ಗೂಡುಗಳಿಂದ ಹತ್ತಿಯಂತೆ ನೂಲು ತೆಗೆಯುವ ಕೆಲಸ ಅದು. ನೂಲು ಒಂದೇ ಸಮ ಬರುವುದಿಲ್ಲ, ಮಿರುಗು ಕಡಿಮೆ, ಬೆಲೆ ಹೆಚ್ಚು. ಅಂಚಿನಲ್ಲಿ ಜರಿ ಹೊಳೆಯಬೇಕೆನ್ನುವ ಮನೆಗಳು ಅದನ್ನು ಒಪ್ಪುವುದು ಕಷ್ಟ. ಈ ಮನೆಯೂ ಒಪ್ಪಲಿಲ್ಲ. ಮದುಮಗಳು ಆ ಮಾತೆತ್ತಿದಾಗ ತಾಯಿ ಬೇಡವೆಂದು ತಲೆಯಾಡಿಸಿಬಿಟ್ಟರು.

ಮಧ್ಯಾಹ್ನ ಮೆಣಸು, ಜೀರಿಗೆ, ಶುಂಠಿ ಬೆರೆಸಿದ ಕಂಚಿ ಇಡ್ಲಿ ತಿಂದು, ಬಿಸಿಲಿಳಿದ ಮೇಲೆ ಅವರು ಕೈಲಾಸನಾಥ ದೇವಾಲಯಕ್ಕೆ ಹೋದರು. ಪಲ್ಲವ ರಾಜಸಿಂಹ ಸುಮಾರು 700ರ ಹೊತ್ತಿಗೆ ಕಟ್ಟಿಸಿದ ಮರಳುಗಲ್ಲಿನ ಗುಡಿ. ಅದರ ಮಂಟಪದ ಕಂಬದ ಮೇಲೆ ಕನ್ನಡ ಶಾಸನವೊಂದಿದೆ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಬಂದವನು, ಈ ಗುಡಿಯ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಅದು ಸಾರುತ್ತದೆ. ಅವನ ರಾಣಿ ಲೋಕಮಹಾದೇವಿ ಆ ವಿಜಯದ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯ. ಕಂಚಿಯ ಶಿಲ್ಪದ ಗುರುತು ಅಲ್ಲಿ ಢಾಳಾಗಿ ಕಾಣುತ್ತದೆ. ಕಂಚಿಯಿಂದ ಕನ್ನಡ ನಾಡಿಗೆ ಬಂದವುಗಳಲ್ಲಿ ಇಂದಿಗೂ ಬಾಳುತ್ತಿರುವುದು ಲೂಟಿಯ ಚಿನ್ನವಲ್ಲ, ಕೆಲಸಗಾರರ ಕೌಶಲ. ಈ ಊರಿಗೆ ಬರುವ ಮದುವೆಯ ಕುಟುಂಬಗಳು ಗಾಂಧಿ ರಸ್ತೆಯಿಂದಲೇ ಹಿಂತಿರುಗುತ್ತವೆ. ಈ ಕಂಬದ ಮುಂದೆ ಕನ್ನಡಿಗರು ಒಮ್ಮೆ ನಿಲ್ಲಬೇಕು.

ಸಂಜೆ ಅವರು ಮತ್ತೆ ಗಾಂಧಿ ರಸ್ತೆಗೆ ಬಂದರೂ ಹೊಕ್ಕದ್ದು ನೇಕಾರರ ಸಹಕಾರ ಸಂಘವೊಂದರ ಮಳಿಗೆಗೆ. ಕಂಚಿಯಲ್ಲಿ ಇಂಥ ಸಂಘಗಳು ಹಲವಿವೆ. ಒಂದು ಸಂಘ ಅಣ್ಣಾದೊರೈ ಅವರ ಹೆಸರು ಹೊತ್ತಿದೆ. 1909ರಲ್ಲಿ ಇದೇ ಊರಿನ ನೇಕಾರ ಮನೆತನದಲ್ಲಿ ಹುಟ್ಟಿ, 1967ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರು ಅವರು. ಸಂಘವು ಸದಸ್ಯ ನೇಕಾರನಿಗೆ ನೂಲು, ಜರಿ ಕೊಟ್ಟು, ಸೀರೆ ಬಂದಾಗ ಕೂಲಿ ಕೊಡುತ್ತದೆ. ಸೀರೆಗಳ ರಾಶಿ ದೊಡ್ಡ ಅಂಗಡಿಗಳಷ್ಟಿಲ್ಲ, ಕಾಫಿಯೂ ಇಲ್ಲ. ಆದರೆ ಅವಳ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತು.

ಮಳಿಗೆಯ ಹಿರಿಯರೊಬ್ಬರು ಜರಿಯ ಎಳೆಯೊಂದನ್ನು ಉಗುರಿನಿಂದ ಕೆರೆದು ಒಳಗಿನ ಕೆಂಪು ರೇಷ್ಮೆ ತೋರಿಸಿದರು. ಕೆಂಪು ರೇಷ್ಮೆ ನೂಲಿಗೆ ಬೆಳ್ಳಿಯ ತಗಡೆಳೆ ಸುತ್ತಿ, ಅದರ ಮೇಲೆ ಚಿನ್ನದ ಲೇಪ ಕೊಟ್ಟರೆ ಅಸಲಿ ಜರಿ. ಚಿನ್ನದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆಯೇ. ಬೆಲೆ ಏರುವುದು ಬೆಳ್ಳಿಯಿಂದ. ಅಗ್ಗದ ಜರಿಯಲ್ಲಿ ಒಳಗೆ ಪಾಲಿಯೆಸ್ಟರ್, ಮೇಲೆ ತಾಮ್ರವಿರುತ್ತದೆ. ಸೆರಗಿನ ತುದಿಯ ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಪುಡಿಪುಡಿಯಾದರೆ ರೇಷ್ಮೆ ಅಸಲಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಅಸಲಿ ಎಂದಷ್ಟೇ. ಕೈಮಗ್ಗದ್ದು ಎಂಬ ಭರವಸೆಗೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಎರಡನ್ನೂ ನೋಡಿ ಕೊಳ್ಳಬೇಕು.

ಅವಳು ಆರಿಸಿದ್ದು ಅರಿಸಿನ ಬಣ್ಣದ ಒಡಲು, ಸಣ್ಣ ಕೆಂಪು ಅಂಚು, ತೆಳು ಜರಿಯ ಕೋರ್ವೈ ಸೀರೆ. ಹೆಗಲಿಗೆ ಹಗುರ. ಮತ್ತೆ ಮತ್ತೆ ಉಡಬಹುದಾದದ್ದು. ಉಳಿದ ನಾಲ್ಕನ್ನು ಪಟ್ಟಿಯಿಂದ ತೆಗೆಸಲು ತಾಯಿಯ ಜೊತೆ ಅಲ್ಲೇ ಒಂದು ಸಣ್ಣ ಜಗಳವಾಯಿತು. ‘ವರಪೂಜೆಗೆ ಮೊಳಕಾಲ್ಮೂರಿಂದು ನಿನ್ನ ಹತ್ರಾನೇ ಇದೆ. ಆರತಕ್ಷತೆಗೆ ಅಜ್ಜಿದು ಉಡ್ತೀನಿ. ಮಿಕ್ಕಿದ್ದಕ್ಕೆ ಹತ್ತಿ ಸಾಕಮ್ಮ’ ಎಂದಳು. ಸೋದರಮಾವ ದುಡ್ಡು ಕಟ್ಟಿ ರಸೀದಿ ಪಡೆದರು. ತಾಯಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಮದುಮಗಳಿಗೂ ಆಗಲಿಲ್ಲ: ಕುದಿಯುವ ನೀರಿನಲ್ಲಿದ್ದ ಹುಳುವಿನ ಪ್ರಶ್ನೆ ಕೋರ್ವೈ ಕೊಂಡಿಯಿಂದ ಬಗೆಹರಿಯುವಂಥದ್ದಲ್ಲ. ಪಿಳ್ಳೈಯಾರ್‌ಪಾಳ್ಯದ ಇಬ್ಬರ ಕೈಗೆ ಕೂಲಿ ಸೇರಬೇಕೆಂಬುದೂ, ಹುಳು ಸಾಯಬಾರದೆಂಬುದೂ ಅವಳಲ್ಲಿ ಒಟ್ಟಿಗೇ ಉಳಿದವು.

ಆದರೆ ಅಂದು ಆ ಕುಟುಂಬ ಕಂಚಿಯಲ್ಲಿ ಕಂಡದ್ದೆಲ್ಲ ಅವಳು ‘ಬೇಡ’ ಎಂದದ್ದರಿಂದ. ಅವಳು ಬೆಳಗ್ಗೆಯೇ ಒಪ್ಪಿಬಿಟ್ಟಿದ್ದರೆ ಮಧ್ಯಾಹ್ನಕ್ಕೆ ಐದು ಸೀರೆಗಳು ಡಿಕ್ಕಿಯಲ್ಲಿರುತ್ತಿದ್ದವು, ನೇಯ್ದವರ ಮುಖ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದುಮಗಳ ಅನುಮಾನ ಅಶುಭವಲ್ಲ. ಇಷ್ಟು ದುಬಾರಿಯಾದ, ಇಷ್ಟು ಜನರ ದುಡಿಮೆ ಬೆರೆತ ವಸ್ತುವನ್ನು ಕೊಳ್ಳುವಾಗ ಪ್ರಶ್ನೆ ಕೇಳುವ ಒಬ್ಬರಾದರೂ ಮನೆಯಲ್ಲಿರಬೇಕು. ಉಡುವವಳೇ ಕೇಳಿದರೆ ಅದಕ್ಕಿಂತ ಸರಿಯಾದದ್ದಿಲ್ಲ.

ಮುಂದಿನ ಲಗ್ನಗಳಿಗೆ ಜವಳಿ ತೆಗೆಯಲು ಕಂಚಿಗೆ ಹೊರಡುವವರಲ್ಲಿ ಒಂದು ಕೋರಿಕೆ. ಬೆಳಗಿನ ಹೊತ್ತನ್ನು ನೇಕಾರರ ಬೀದಿಗೆ ಇಟ್ಟುಕೊಳ್ಳಿ, ಅಂಗಡಿಗೆ ಆಮೇಲೆ ಹೋಗಿ. ಐದರ ಬದಲು ಒಂದೇ ಕೊಂಡರೂ ಕೈಮಗ್ಗದ್ದನ್ನೇ ಕೊಳ್ಳಿ. ನೇಯ್ದವರಿಗೆ ಎಷ್ಟು ಕೂಲಿ ಸಿಕ್ಕಿತು, ಪಕ್ಕದ ಲಾಳಿ ಎಸೆದವರು ಯಾರು ಎಂದು ಕೇಳಿ. ಮದುಮಗಳು ಬೇಡವೆಂದರೆ, ಏಕೆ ಎಂದು ಅವಳನ್ನೇ ಕೇಳಿ. ಉತ್ತರ ಮುಗಿಯುವವರೆಗೆ ಇನ್ನೊಂದು ಸೀರೆ ಬಿಚ್ಚಿಸಬೇಡಿ.